ಚಿ. ಸೌ. ಸಂಗಪ್ಪ

ಬರೆದು ಅಂಟಿಸಿದ್ದನ್ನೆಲ್ಲ ನಂಬುವ ಜನರ ಪೈಕಿ ನಾನೂ ಒಬ್ಬ. ಬಸ್ಸಿನಲ್ಲಿ ‘ಮಹಿಳೆಯರಿಗೆ’ ಎಂದು ಬರೆದ ಸೀಟು ಖಾಲಿ ಇದ್ದರೂ ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ನಿಂತೇ ಹೋಗುತ್ತೇನೆ. ನಡುವಿನ ರಾಜೇಶ್ವರ ಊರು ದಾಟುವುದರೊಳಗೆ ಯಾರೋ ಗಿರಿಜಾಮೀಸೆಯ ಯಜಮಾನರು ಅದೇ ಸೀಟಿನಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿರುತ್ತಾರೆ. ಆಗಲೂ ನನಗೆ ಸಿಟ್ಟು ಬರುವುದಿಲ್ಲ, ಆಶ್ಚರ್ಯವಾಗುತ್ತದೆ. ಬರೆದಿದೆಯಲ್ಲ, ಆದರೂ ಹೇಗೆ ಕೂತರು ಎಂದು. ಇಂಥ ಮನುಷ್ಯನಿಗೆ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿದ್ದು ನನ್ನ ಪುಣ್ಯವೋ ವಿದ್ಯಾರ್ಥಿಗಳ ಪಾಪವೋ ತಿಳಿಯದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹುಮನಾಬಾದಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ನಮ್ಮ ಕಂಪ್ಯೂಟರ್ ಕೇಂದ್ರ. ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸಲು ನಾನು, ಉಳಿದದ್ದೆಲ್ಲ ಕಲಿಸಲು ಗೆಳೆಯ ರಿಜ್ವಾನ್. ಆ ದಿನಗಳಲ್ಲಿ ಜಾವಾಕ್ಕೆ ಜೆನೆರಿಕ್ಸ್ ಎಂಬ ಹೊಸ ಸೌಕರ್ಯ ಬಂತು. ಮಾಹಿತಿ ತುಂಬುವ ಡಬ್ಬಿಗಳ ಮೇಲೆ ‘ಇದರಲ್ಲಿ ಇಂಥದ್ದು ಮಾತ್ರ’ ಎಂದು ಬರೆದುಬಿಡಬಹುದು. ತಪ್ಪಿ ಬೇರೆಯದನ್ನು ಹಾಕಹೋದರೆ, ಪ್ರೋಗ್ರಾಮನ್ನು ತಪಾಸಣೆ ಮಾಡಿ ಯಂತ್ರಕ್ಕೆ ಒಪ್ಪಿಸುವ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಓದಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಈ ಭಾಷೆಯನ್ನು ನನಗಾಗಿಯೇ ಯಾರೋ ತಿದ್ದಿದ್ದಾರೆ ಅನ್ನಿಸಿತು. ರಿಜ್ವಾನನಿಗೆ ಮಾತ್ರ ಏನೂ ಅನ್ನಿಸಲಿಲ್ಲ. “ಡಬ್ಬಿಗಿ ಹೆಸರ್ ಯಾಕ್ ಭಾಯಿ? ಮುಚ್ಚಳ ತೆರದ್ರ ಕಾಣ್ತದಲ್ಲ,” ಎಂದು ತನ್ನ ಹಳೆಯ ರೀತಿಯಲ್ಲೇ ಬರೆಯುತ್ತಿದ್ದ.

ಅದೇ ಹೊತ್ತಿಗೆ ಊರಿನ ಹಿರಿಯರು ಕೂಡಿ ಸಾಮೂಹಿಕ ವಿವಾಹ ಇಟ್ಟುಕೊಂಡರು. ಮುಂದಾಳು ವೈಜಿನಾಥಪ್ಪನವರಿಗೆ ಹೊಸತರ ಮೋಹ. ಪ್ರತಿ ಜೋಡಿಯ ಹೆಸರೂ ದೊಡ್ಡ ಪರದೆಯ ಮೇಲೆ ಮೂಡಬೇಕು, ಅದನ್ನು ನೋಡಿ ಮೈಕಿನಲ್ಲಿ ಓದಬೇಕು, ಅಕ್ಷತೆ ಬೀಳಬೇಕು. ಪ್ರೋಗ್ರಾಮು ನಮ್ಮ ಪಾಲಿಗೆ ಬಂತು. ನಾನು ವಧುಗಳಿಗೊಂದು ಡಬ್ಬಿ, ವರರಿಗೊಂದು ಡಬ್ಬಿ ಮಾಡಿ, ಎರಡರ ಮೇಲೂ ಚಂದವಾಗಿ ಬರೆದೆ. ತಡವಾಗಿ ಬಂದವರನ್ನು ಸೇರಿಸುವ ಚಿಕ್ಕ ಭಾಗವೊಂದನ್ನು ರಿಜ್ವಾನ್ ಬರೆದ. ವೈಜಿನಾಥಪ್ಪನವರು ಬಂದು, “ಏನರ ಹೆಚ್ಚುಕಮ್ಮಿ ಆಗಂಗಿಲ್ಲ ಹೌದಲ್ರಿ ಮಾಸ್ತರ?” ಎಂದು ಕೇಳಿದರು. “ವಧುವಿನ ಡಬ್ಬ್ಯಾಗ ಗಂಡಸು ಕಾಲಿಡೋದು ಸಾಧ್ಯನ ಇಲ್ರಿ,” ಎಂದೆ. ನಾನು ಇಷ್ಟು ಭರವಸೆ ಯಾಕೆ ಕೊಟ್ಟೆನೆಂದು ಅವರಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದರು.

ಮದುವೆಯ ದಿನ ಮಾರ್ಕೆಟ್ ಅಂಗಳದ ತುಂಬ ಜನ. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದೆ. ದುಬಲಗುಂಡಿಯ ಒಂದು ಜೋಡಿ ಮಾತ್ರ ಬಂದಿರಲಿಲ್ಲ. ಎರಡೂ ಕಡೆಯವರು ಹತ್ತಿದ್ದ ಟೆಂಪೋ ದಾರಿಯಲ್ಲಿ ಪಂಕ್ಚರ್ ಆಗಿತ್ತು. ಅವರು ಬೆವರುತ್ತ ಬಂದಾಗ ರಿಜ್ವಾನ್ ತನ್ನ ಭಾಗ ತೆರೆದು ಎರಡು ಹೆಸರು ಹೊಡೆದ. ಮಿಕ್ಕ ಜೋಡಿಗಳೆಲ್ಲ ಸುಸೂತ್ರ ಮುಗಿದವು. ಕೊನೆಯ ಜೋಡಿ ಪರದೆಯ ಮೇಲೆ ಬಂತು. ಮೈಕಿನಲ್ಲಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಬರೆದದ್ದನ್ನು ಬರೆದಂತೆ ಓದುವುದರಲ್ಲಿ ನನ್ನನ್ನೂ ಮೀರಿಸಿದವರು. ಗಂಟಲು ಸರಿಪಡಿಸಿಕೊಂಡು ಓದಿಯೇಬಿಟ್ಟರು: “ವಧು, ಚಿರಂಜೀವಿ ಸೌಭಾಗ್ಯವತಿ ಸಂಗಪ್ಪ! ವರ, ಚಿರಂಜೀವಿ ಮಹಾದೇವಿ!”

ಎತ್ತಿದ ಕೈಗಳೆಲ್ಲ ಅಕ್ಷತೆ ಸಮೇತ ಗಾಳಿಯಲ್ಲೇ ನಿಂತವು. ಬ್ಯಾಂಡಿನವರ ಕಹಳೆ ಅರ್ಧ ಸ್ವರಕ್ಕೆ ನಿಂತಿತು. ಬಾಸಿಂಗ ಕಟ್ಟಿಕೊಂಡಿದ್ದ ಸಂಗಪ್ಪ ಮೀಸೆಯ ಮೇಲೆ ಕೈ ಇಟ್ಟುಕೊಂಡ. ಇದೆಯೋ ಇಲ್ಲವೋ ಎಂದು ನೋಡಿಕೊಂಡನೇನೋ. ಮೊದಲು ಬಾಯಿಬಿಟ್ಟವಳು ಸಂಗಪ್ಪನ ಅಜ್ಜಿ: “ಅಯ್ಯಯ್ಯ, ನಮ್ಮ ಸಂಗ್ಯಾನ ಹೆಣ್ ಮಾಡಿದ್ರಲ್ರೋ!” ಅವನ ಸೋದರಮಾವ ಟವೆಲ್ ಕೊಡವಿ ಎದ್ದು ನಿಂತ. “ಮಂದ್ಯಾಗ ಮರ್ಯಾದಿ ತೆಗೀಲಿಕ್ಕಿ ಕರದೀರೇನ್ರಿ? ಏಳ್ರಿ ಎಲ್ಲಾರೂ. ಈ ಲಗ್ನ ಬ್ಯಾಡ.” ಇನ್ನೊಂದು ಕಡೆ ಹೆಣ್ಣಿನ ತಂದೆ, “ನಮ್ಮ ಹುಡಿಗಿಗಿ ಗಂಡಸ ಅಂತೀರಿ?” ಎಂದು ತಾವೂ ಎದ್ದರು. ವೈಜಿನಾಥಪ್ಪನವರು ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ.

ಯಾರೋ ನನ್ನ ಕೈಗೆ ಮೈಕು ತುರುಕಿದರು. ವಿವರಿಸಿದರೆ ಎಲ್ಲರೂ ಸಮಾಧಾನವಾಗುತ್ತಾರೆಂಬುದು ಕಲಿಸುವವರ ಹಳೆಯ ಭ್ರಮೆ. “ತಪ್ಪು ಆಗ್ಯದ್ರಿ. ಮೊದ್ಲ ತಪಾಸಣೆ ಆದಾಗ ವಧು ವಧುನೇ ಇದ್ಲು, ವರ ವರನೇ ಇದ್ದ. ಓಡೋ ಹೊತ್ತಿಗಿ...” ಎಂದೆ. ಪ್ರೋಗ್ರಾಮು ಓಡುವ ಹೊತ್ತಿಗೆ ಎಂದು ಹೇಳಹೊರಟಿದ್ದೆ. ಆ ಶಬ್ದದ ತನಕ ಯಾರೂ ಕಾಯಲಿಲ್ಲ. “ಓಡೋ ಹೊತ್ತಿಗಿ? ಯಾರ್ ಓಡ್ಯಾರ?” “ಹುಡುಗಿ ಓಡಿ ಹೋಗ್ಯಾಳಂತ!” “ಯಾರ ಜೋಡಿ?” “ಮಾಸ್ತರಗ ಎಲ್ಲಾ ಗೊತ್ತದ, ಹಿಡೀರಿ ಅಂವನ್ನ!” ಸುದ್ದಿ ಹಿಂದಿನ ಸಾಲು ಮುಟ್ಟುವಷ್ಟರಲ್ಲಿ ಹುಡುಗಿ ಬೀದರ್ ದಾಟಿ ಹೈದರಾಬಾದಿನ ಬಸ್ಸು ಹತ್ತಿದ್ದಳು.

ಆಗ ಮಹಾದೇವಿಯೇ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇದಿಕೆಯ ಮುಂದಕ್ಕೆ ಬಂದು, ನನ್ನ ಕೈಯಿಂದ ಮೈಕು ತೆಗೆದುಕೊಂಡಳು. “ಯಾರೂ ಓಡಿಲ್ಲರಿ. ಹೆಣ್ಣು ನಾ, ಇಲ್ಲೇ ಅದೀನಿ. ಗಂಡು ಅವರು, ಅಲ್ಲೇ ಕುಂತಾರ. ಆ ಪರದಾಕ ಕಣ್ಣಿಲ್ಲ. ನಿಮಗಾದ್ರ ಅದಾವಲ್ಲ?” ಎಂದಳು. ಆಮೇಲೆ ಸಂಗಪ್ಪನ ಕಡೆ ತಿರುಗಿ, “ಏಳ್ರಿ. ಹಿಂಗ ಕುಂತ್ರ ಮೈಕಿನ್ಯಾಗ ಓದಿದ್ದ ಖರೆ ಅಂತಾರ,” ಎಂದಳು. ಅಜ್ಜಿಯೇ ಮೊದಲು ನಕ್ಕಳು. ಸೋದರಮಾವ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಗಾಳಿಯಲ್ಲಿ ನಿಂತಿದ್ದ ಅಕ್ಷತೆ ಕಡೆಗೂ ಬಿತ್ತು, ಅರ್ಧ ನನ್ನ ತಲೆಯ ಮೇಲೆ.

ಮರುದಿನ ಕಾರಣ ಹುಡುಕಿದೆ. ರಿಜ್ವಾನನ ಹಳೆಯ ರೀತಿಯ ಭಾಗ ಆ ಎರಡು ಹೆಸರುಗಳನ್ನು ಅದಲುಬದಲು ಡಬ್ಬಿಗಳಿಗೆ ಹಾಕಿತ್ತು. ಕಂಪೈಲರ್ ತಡೆದಿರಲಿಲ್ಲವೇ ಎಂದೆ. “ಏನೋ ಗೊಣಗ್ತು ಭಾಯಿ. ಮನ್ಯಾಗ ಎಲ್ಲಾರೂ ಗೊಣಗ್ತಾರ,” ಎಂದ. ಆದರೆ ನಿಜವಾದ ಆಘಾತ ಕಾದಿದ್ದು ಪುಸ್ತಕದಲ್ಲಿ. ಕಂಪೈಲರ್ ನಾವು ಡಬ್ಬಿಗಳ ಮೇಲೆ ಬರೆದ ಗುರುತನ್ನೆಲ್ಲ ಒಮ್ಮೆ ಓದಿ, ಹೊಂದಿಸಿ ನೋಡಿ, ಆಮೇಲೆ ತಾನೇ ಅಳಿಸಿಬಿಡುತ್ತದಂತೆ! ಓಡುವ ಹೊತ್ತಿಗೆ ವಧುವಿನ ಡಬ್ಬಿಯೂ ಬರೀ ಡಬ್ಬಿ, ವರನದೂ ಬರೀ ಡಬ್ಬಿ. ಯಾಕೆಂದರೆ ರಿಜ್ವಾನನಂಥವರ ಹಳೆಯ ಪ್ರೋಗ್ರಾಮುಗಳಿಗೆ ಬೇಸರವಾಗಬಾರದಲ್ಲ.

ಕೆಲವು ವರ್ಷಗಳ ಮೇಲೆ ಮನೆಯಲ್ಲಿ ಕೂತು ಲ್ಯಾಂಬ್ಡಾ ಎಂಬುದರ ಬಗ್ಗೆ ಓದುತ್ತಿದ್ದೆ. ಬೇರೆ ಭಾಷೆಗಳಲ್ಲಿ ಆಗಲೇ ಇತ್ತು, ಜಾವಾಕ್ಕೂ ಬೇಕೋ ಬೇಡವೋ ಎಂಬ ವಾದ ನಡೆದಿತ್ತು. ಹೆಂಡತಿ ಜೋಳದ ಹಿಟ್ಟು ಸಾಣಿಸುತ್ತಿದ್ದಳು. ಏನದು ಅಂದಳು. “ಹೆಸರೇ ಇಲ್ಲದ ಕೆಲಸಗಾರ ಅಂತ ತಿಳ್ಕೋ. ಬೇಕಾದಲ್ಲಿ ಕೆಲಸ ಮಾಡಸ್ಕೊಂಡ್ರಾತು, ಹೆಸರಿಡೋ ಗೋಜೇ ಇಲ್ಲ. ಎಂಥಾ ಸೋಜಿಗ ನೋಡು,” ಎಂದೆ.

ಅವಳು ಜರಡಿ ನಿಲ್ಲಿಸಿದಳು. “ಇದರಾಗ ಸೋಜಿಗ ಏನದ್ರಿ? ಲಗ್ನ ಆದಾಗಿಂದ ನೀವು ಒಂದ್ ಸರ್ತಿನಾದ್ರೂ ನನ್ನ ಹೆಸರು ಹಿಡದು ಕರದೀರೇನು?”

ನಾನು ಬೆಚ್ಚಿಬಿದ್ದೆ. ಹಾಗೆಲ್ಲ ಇರಲಾರದು, ಈಗಲೇ ಕರೆದು ತೋರಿಸುತ್ತೇನೆಂದು ಎದೆ ಸೆಟೆಸಿ ಬಾಯಿ ತೆರೆದೆ. “ಏ... ಇಲ್ಲಿ ಕೇಳ್ತೀಯೇನು?” ಎಂದಷ್ಟೇ ಹೊರಬಂತು.