ಖಾಲಿ ಜಾಗಾದ ಮೋಡ, ಕುರ್ಚಿ ಮ್ಯಾಲಿನ ಟವೆಲ್

ಆಕಾಶದ ಸುದ್ದಿ ಹೇಳಾಕ ಹೋದಾಗೆಲ್ಲಾ ನಾ ನೆಲಕ್ಕ ಬಿದ್ದೇನಿ, ಒಂದೂರಾಗ ಅಲ್ಲ, ಊರೂರಾಗ.

ಎಪ್ಪತ್ತರ ದಶಕದಾಗ ಸಿಂದಗಿ ಕಡೆ ಒಂದು ಹೈಸ್ಕೂಲಿನ್ಯಾಗ ನಾ ಹಂಗಾಮಿ ವಿಜ್ಞಾನ ಮಾಸ್ತರ. ‘ಹಳ್ಳಿಗೆ ಹೋಗಿ ಭಾಷಣಾ ಮಾಡ್ರಿ. ಕಡೀ ಭಾಷಣಕ್ಕ ನಾನ ಬರ್ತೇನಿ. ಚಲೋ ಆದ್ರ ನೌಕರಿ ಕಾಯಂ’ ಅಂದಿದ್ರು ಶಾಲಿ ಇನ್ಸ್‌ಪೆಕ್ಟರ್ ಸಾಹೇಬ್ರು. ಇಂಡಿ ಊರಾಗ ನನಗ ನೋಡಿದ್ದ ಹುಡುಗಿಯ ಅಪ್ಪನೂ ‘ಕಾಯಂ ಆಗೂತನಕಾ ಹುಡುಗಿ ಕೊಡಂಗಿಲ್ಲ’ ಅಂತ ಪಟ್ಟು ಹಿಡಿದಿದ್ದ.

ನಕ್ಷತ್ರದ ದೊಡ್ಡ ಗುಂಪಿಗೆ ಗ್ಯಾಲಕ್ಸಿ ಅಂತಾರ. ಎರಡು ಗ್ಯಾಲಕ್ಸಿ ನಡುವಿನ ಖಾಲಿ ಜಾಗಾನೂ ಖಾಲಿ ಇಲ್ಲ, ಅಲ್ಲಿ ಅನಿಲದ ಮೋಡ ಅದಾವ ಅಂತ ಹೊಸದಾಗಿ ಓದಿದ್ದೆ. ಅದನ್ನ ಹಿಡಕೊಂಡು ಹೊಂಟೆ.

ಮಳಿ ಇಲ್ಲದ ಮೋಡ

ಹೂವಿನ ಹಿಪ್ಪರಗಿಯೊಳಗ ‘ಈ ಮೋಡ ಕೋಟಿ ಕೋಟಿ ಮೈಲು ಹರಡ್ಯಾವ’ ಅಂದೆ. ಮುಂದ ಕೂತಿದ್ದ ಅಜ್ಜ ಕೇಳಿದ, ‘ಮಳಿ ಬರತೈತೇನ್ರಿ?’

‘ಇಲ್ಲಜ್ಜಾ.’

‘ನೆಳ್ಳರ ಬೀಳತೈತೋ?’

‘ಇಲ್ಲ. ಕಣ್ಣಿಗೂ ಕಾಣಂಗಿಲ್ಲ.’

ಅಜ್ಜ ರುಮಾಲು ಝಾಡಿಸಿ ಎದ್ದ. ‘ಮಳಿ ಇಲ್ಲ, ನೆಳ್ಳಿಲ್ಲ, ಕಣ್ಣಿಗೂ ಬೀಳಂಗಿಲ್ಲ. ಥೇಟ್ ನಮ್ಮ ಅಳಿಯಾ!’

ಅಳಿಯಾ ಆಗಾಕ ಹೊಂಟಾವ ನಾನು. ಚೀಲಾ ಹೆಗಲಿಗೇರಿಸಿ ಬಸ್ಸಿನ ದಾರಿ ಹಿಡಿದೆ.

ಗಾಯರಾಣ

ಬಸವನ ಬಾಗೇವಾಡಿ ಹತ್ತಿರದ ಹಳ್ಳಿಯೊಳಗ ಬುದ್ಧಿ ಓಡಿಸಿದೆ. ‘ನಿಮ್ಮೂರು ಒಂದು ಗ್ಯಾಲಕ್ಸಿ, ಬಾಜೂ ಊರು ಇನ್ನೊಂದು. ನಡುವಿನ ಖಾಲಿ ಜಾಗಾದಾಗ ಮೋಡ.’

‘ಯಾವ ಮಗ ಖಾಲಿ ಅಂದಾವ? ಅಲ್ಲಿ ನಮ್ಮ ದನಾ ಮೇಯ್ತಾವ, ಅದು ನಮ್ಮ ಗಾಯರಾಣ!’ ಅಂತ ಆ ಊರಾವೊಬ್ಬ ಒದರಿದ.

ಭಾಷಣಾ ಕೇಳಾಕ ಬಂದಿದ್ದ ಬಾಜೂ ಊರಾವ ಎದ್ದ. ‘ನಿಮ್ದ್ಯಾಕಪಾ? ಹಳ್ಳದ ತನಕಾ ನಮ್ದು!’

ಇಬ್ಬರ ಜಗಳಾ ಬಿಡಿಸಾಕ ಹೋಗಿ ನನ್ನ ಅಂಗಿ ಹರೀತು. ಕಡೀಕ ಹಿರೇರು ಕೂತು ‘ಮೋಡ ಇಬ್ಬರಿಗೂ ಅರ್ಧರ್ಧ’ ಅಂತ ನ್ಯಾಯಾ ಹರದ್ರು. ಎಲ್ಲಾರೂ ಚಾ ಕುಡದ್ರು, ನನ್ನ ಬಿಟ್ಟು.

ಇದ್ದದ್ದು ಒಂದ ಕುರ್ಚಿ

ಕಡೀ ಭಾಷಣಾ ತಂಗಡಗಿಯೊಳಗ. ಸಾಹೇಬ್ರಿಗೆ ಅಂತ ಇಟ್ಟಿದ್ದ ಒಂದ ಕುರ್ಚಿ ಮ್ಯಾಲ ಯಾವನೋ ಟವೆಲ್ ಹಾಕಿ, ಎಲಿಅಡಿಕಿ ಉಗಳಾಕ ಹೊರಗ ಹೋಗಿದ್ದ. ನಮ್ಮ ಕಡೆ ಬಸ್ಸಿನ ಕಿಡಕ್ಯಾಗಿಂದ ಸೀಟಿಗೆ ಟವೆಲ್ ಒಗೆದ್ರ ಮುಗೀತು, ದೇವರು ಬಂದ್ರೂ ಅಲ್ಲಿ ಕೂಡಂಗಿಲ್ಲ.

ಸಾಹೇಬ್ರು ಬಂದು ಕೂಡಾಕ ಹೋದ್ರು. ಮಂದಿ ಒಮ್ಮೆಲೆ ಒದರಿದ್ರು, ‘ಖಾಲಿ ಇಲ್ರೀ ಅದು! ಅಲ್ಲಿ ಮಂದಿ ಅದಾರ!’

‘ಎಲ್ಲಿ ಅದಾರ? ಯಾರೂ ಕಾಣವಲ್ರು!’

‘ಕಾಣಲಿಲ್ಲಂದ್ರೇನಾತ್ರಿ? ಅದಾರ!’

ಸಾಹೇಬ್ರ ಮಾರಿ ಕೆಂಪಾತು. ಇಂಡಿ ಹುಡುಗಿ ಬ್ಯಾರೆಯವನ ಕೂಡ ಹೊಂಟಂಗ ನನ್ನ ಕಣ್ಣಿಗೆ ಕಟ್ಟಿತು. ಬಾಯಿಗೆ ಬಂದದ್ದು ಅಂದುಬಿಟ್ಟೆ: ‘ಸಾಹೇಬ್ರ, ನನ್ನ ಪಾಠನ ಇದು! ಖಾಲಿ ಕಂಡದ್ದೆಲ್ಲಾ ಖಾಲಿ ಇರಂಗಿಲ್ಲ!’

ಸಾಹೇಬ್ರು ಕುರ್ಚಿ ನೋಡಿದ್ರು, ಮಂದಿ ನೋಡಿದ್ರು. ‘ಭೇಷ್! ಊರಿಗೂರ ಕಲಿಸೀರಲ್ರೀ ಮಾಸ್ತರ!’ ಅಂದವರು ಭಾಷಣಾ ಮುಗಿಯೂತನಕಾ ನಿಂತ ಕೇಳಿದ್ರು. ಟವೆಲ್ ಆರಾಮ ಕೂತಿತ್ತು.

ನೌಕರಿ ಕಾಯಂ ಆತು, ಮದುವಿನೂ ಗಟ್ಟಿ ಆತು. ಆದ್ರ ನಾ ಏನೂ ದಡ್ಡ ಅಲ್ಲ. ಮದುವಿ ದಿನಾ ಎಲ್ಲಾರೂ ಏಳೂದ್ರಾಗ ಹಂದರಕ್ಕ ಹೋಗಿ, ಹುಡುಗಿ ಬಾಜೂಕ ಮದುಮಗ ಕೂಡೂ ಮಣಿ ಮ್ಯಾಲ ನನ್ನ ಟವೆಲ್ ಹಾಕಿ ಬಂದೆ.