ತಿಪ್ಪೇಸ್ವಾಮಿಯ ಗ್ಲಿಸರಿನ್

"ಸುಳ್ಳು ಹೇಳೋದಾದ್ರೆ ನೆಟ್ಟಗೆ ಹೇಳೋದು ಕಲೀರಿ. ಪೆನ್ನಿನ ರೀಫಿಲ್ಲಂತೆ. ಯಾವ ಊರಲ್ರೀ ಪೆನ್ನಿನ ರೀಫಿಲ್ಲು ಹಿಂಗೆ ಬೆಂಕಿಪೊಟ್ಟಣದ ಮರಿಯಂಗೆ ಇರ್ತೈತೆ?"

ಅಂಬುಜಾ ವಾಷಿಂಗ್ ಮೆಷಿನ್ ಮುಂದೆ ನಿಂತಿದ್ದಳು. ಎಡಗೈಯಲ್ಲಿ ಗಂಡನ ಒದ್ದೆ ಪ್ಯಾಂಟು. ಬಲಗೈಯ ಎರಡು ಬೆರಳಲ್ಲಿ, ಸತ್ತ ಹಲ್ಲಿಯ ಬಾಲ ಹಿಡಿದಂತೆ, ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ.

"ಅದು ಡಿಪೋ ಸಾಮಾನು. ಬಸ್ಸಿನ ಸೆನ್ಸಾರು. ನಿನಗೆ ಅರ್ಥ ಆಗಲ್ಲ, ಕೊಡಿಲ್ಲಿ," ಎಂದ ತಿಪ್ಪೇಸ್ವಾಮಿ.

"ಈಗ ತಾನೆ ಪೆನ್ನಿಂದು ಅಂದ್ರಿ."

"ಪೆನ್ನಿಂದೂ ಹೌದು, ಬಸ್ಸಿಂದೂ ಹೌದು. ಬೆಳಿಗ್ಗೆ ಎದ್ದು ಪೊಲೀಸ್ನೋರಂಗೆ ವಿಚಾರಣೆ ಮಾಡಬೇಡ ನನ್ನ."

ಸಿಕ್ಕಿಬಿದ್ದಾಗ ಕೂಗಾಡುವುದು ತಿಪ್ಪೇಸ್ವಾಮಿಯ ಪದ್ಧತಿ. ಚಿತ್ರದುರ್ಗದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದಾಗಲೂ ಅದೇ, ಈಗ ಆಕ್ಲೆಂಡಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವಾಗಲೂ ಅದೇ. ಮೌಂಟ್ ಆಲ್ಬರ್ಟಿನ ಆ ಬೀದಿಯಲ್ಲಿ ಅವನ ಕೂಗು ಕೇಳಿಸಿತೆಂದರೆ ತಪ್ಪು ಅವನದೇ ಎಂದು ನಾಯಿಗಳಿಗೂ ಗೊತ್ತಿತ್ತು.

ಡಬ್ಬಿ ಪೆನ್ನಿನದೂ ಅಲ್ಲ, ಬಸ್ಸಿನದೂ ಅಲ್ಲ. ವೇಪಿನದು. ವೇಪ್ ಎಂದರೆ ಕರೆಂಟಿನ ಸಿಗರೇಟು. ಬೆರಳುದ್ದದ ಯಂತ್ರದ ತಲೆಗೆ ಈ ಡಬ್ಬಿ ಸಿಕ್ಕಿಸಬೇಕು. ಇದಕ್ಕೆ ಪಾಡ್ ಎನ್ನುತ್ತಾರೆ. ಒಳಗಿನ ನೀರು ಕಾದು ಹಬೆಯಾಗುತ್ತದೆ, ಅದನ್ನು ಎಳೆಯಬೇಕು. ಸಿಗರೇಟು ಬಿಡಲೆಂದು ತಿಪ್ಪೇಸ್ವಾಮಿ ವೇಪ್ ಹಿಡಿದಿದ್ದ. ವೇಪ್ ಬಿಡಲು ಏನು ಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಬೇರೆ ದಿನವಾಗಿದ್ದರೆ ಇದು ಸಂಜೆಯೊಳಗೆ ಆರಿಹೋಗುವ ಜಗಳ. ಆದರೆ ಇವತ್ತು ಮಧ್ಯಾಹ್ನ ಗಂಡಹೆಂಡತಿ ಕ್ರೈಸ್ಟ್‌ಚರ್ಚಿಗೆ ಹೊರಡುವವರಿದ್ದರು. ಅಲ್ಲಿ ಮಗಳು ಲಾಸ್ಯಾ ಹೆತ್ತಿದ್ದಳು. ಹೆಣ್ಣುಮಗು. ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡು ಮುಷ್ಟಿ ಬಿಗಿ ಹಿಡಿದಿದ್ದ ಆ ಕೂಸು ತನ್ನ ಹಾಗೇ ಕೋಪಿಷ್ಠೆ ಎಂದು ತಿಪ್ಪೇಸ್ವಾಮಿ ಡಿಪೋದ ಡ್ರೈವರುಗಳಿಗೆಲ್ಲ ತೋರಿಸಿದ್ದ. ಎರಡೆರಡು ಸಲ ನೋಡಿದವರೂ ಇದ್ದರು. ಅವನಿಗೆ ರಾತ್ರಿ ನಿದ್ದೆಯಲ್ಲೂ ಕೈ ತೊಟ್ಟಿಲಿನಂತೆ ಮಡಚಿಕೊಳ್ಳುತ್ತಿತ್ತು. ಆದರೆ ಲಾಸ್ಯಾ ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದಳು. "ಅಪ್ಪಾ, ವೇಪ್ ಬಿಟ್ಟಿದ್ರೆ ಮಾತ್ರ ಪಾಪೂನ ಎತ್ಕೊಳ್ಳೋದು. ನೋ ಚೀಟಿಂಗ್." ಇವನು ಎದೆ ತಟ್ಟಿಕೊಂಡು, "ಬಿಟ್ಟು ಯಾವ ಕಾಲ ಆತವ್ವಾ" ಎಂದಿದ್ದ.

"ನೋಡ್ರಿ," ಎಂದಳು ಅಂಬುಜಾ. ದನಿ ತಗ್ಗಿತ್ತು. ಅವಳ ದನಿ ತಗ್ಗಿದರೆ ಹೆದರಬೇಕು. "ಬದರಿನಾಥ್ ಅಂಕಲ್ ಏರ್‌ಪೋರ್ಟಿಗೆ ಬಿಡೋಕೆ ಬರ್ತಾರೆ. ಅಷ್ಟೊತ್ತಿಗೆ ನಿಮ್ಮತ್ರ ಏನೇನೈತೋ ಅದನ್ನೆಲ್ಲ ತಂದು ನನ್ನ ಮುಂದೆ ಇಡಿ. ಇಲ್ಲಾಂದ್ರೆ ನಾನೊಬ್ಳೇ ಹೋಗ್ತೀನಿ. ನೀವು ಮೊಮ್ಮಗಳನ್ನ ಫೋನಲ್ಲೇ ಆಡಿಸ್ಕೊಂಡಿರಿ."

"ನನ್ನತ್ರ ಏನೂ ಇಲ್ಲ."

"ಇಲ್ಲದಿದ್ರೆ ಒಳ್ಳೇದೇ ಆತು."

ತಿಪ್ಪೇಸ್ವಾಮಿ ದುಡುದುಡು ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡ. ಕೋಪದಲ್ಲಿದ್ದಾಗ ಅವನಿಗೆ ಒಂದು ದಮ್ಮು ಬೇಕೇಬೇಕು. ಯಂತ್ರ ತೆಗೆದು ಎಳೆದರೆ ಸುಂಯ್ ಎಂದಿತು, ಅಷ್ಟೆ. ಪಾಡ್ ಖಾಲಿ.

ಅಂಗಡಿಯಲ್ಲಿ ಪಾಡ್ ತುಂಬಿಸಿಯೇ ಮಾರುತ್ತಾರೆ. ಖಾಲಿಯಾದರೆ ಎಸೆದು ಹೊಸದು ತಗೋ ಎನ್ನುತ್ತಾರೆ. ಎಸಿ ಎಂದರೆ ತಿಪ್ಪೇಸ್ವಾಮಿಗೆ ಮೈ ಉರಿಯುತ್ತಿತ್ತು. ಬಸ್ಸಿನ ಎಂಜಿನ್ ಬಿಚ್ಚಿ ಜೋಡಿಸುವ ಗಂಡಸು ಒಂದು ಹಿಡಿ ಪ್ಲಾಸ್ಟಿಕ್ಕಿನ ಮುಂದೆ ಸೋಲುವುದುಂಟೇ? ಪಾಡಿನ ಪಕ್ಕದ ರಬ್ಬರ್ ಬಿರಡೆಯನ್ನು ಅಂಬುಜಳ ತಲೆಪಿನ್ನಿನಿಂದ ಎಬ್ಬಿಸಿ, ಮಕ್ಕಳಿಗೆ ಔಷಧಿ ಕುಡಿಸುವ ಸಿರಿಂಜಿನಲ್ಲಿ ನೀರು ತುಂಬಿ, ಮತ್ತೆ ಬಿರಡೆ ಒತ್ತಿ ಕೂರಿಸುವ ವಿದ್ಯೆಯನ್ನು ಅವನು ತಾನೇ ಕಂಡುಕೊಂಡಿದ್ದ. ತುಂಬಿದ ಮೇಲೆ ಒಳಗಿನ ಹತ್ತಿ ನೆನೆಯುವ ತನಕ ಕಾಯಬೇಕು. ಕಾಯದೆ ಎಳೆದರೆ ಬಾಯಲ್ಲಿ ಕೂದಲು ಸುಟ್ಟಂತೆ. ಈ ಶಿಸ್ತನ್ನು ಅವನು ದೇವರ ಪೂಜೆಯಲ್ಲೂ ಪಾಲಿಸಿದವನಲ್ಲ.

ಸಿರಿಂಜು ಇತ್ತು, ಪಿನ್ನು ಇತ್ತು. ನೀರು ಮಾತ್ರ ಅಡಿಗೆಮನೆಯಲ್ಲಿತ್ತು. ಪುದೀನ ವಾಸನೆಯ ಆ ಅಂಟು ನೀರನ್ನು ಅವನು ಊರಿಂದ ತಂದ ಗ್ಲಿಸರಿನ್ ಸೀಸೆಗೆ ಸುರಿದು, ಅಸಲಿ ಗ್ಲಿಸರಿನ್ನನ್ನು ಸಿಂಕಿಗೆ ಚೆಲ್ಲಿ, ಔಷಧಿ ಕಪಾಟಿನಲ್ಲಿ ಕೊಬ್ಬರಿ ಎಣ್ಣೆಗೂ ನೋವಿನ ಮುಲಾಮಿಗೂ ನಡುವೆ ಇಟ್ಟಿದ್ದ. ನೋಡಲು ಎರಡೂ ಒಂದೇ ಥರ. ಎಲ್ಲರ ಕಣ್ಣೆದುರಿಗೆ ಇಟ್ಟದ್ದನ್ನು ಯಾರೂ ಹುಡುಕುವುದಿಲ್ಲ ಎಂಬುದು ಅವನ ಲೆಕ್ಕ.

ಅಡಿಗೆಮನೆಗೆ ಬಂದು ನೋಡಿದರೆ ಬದರಿನಾಥರು ಆಗಲೇ ಬಂದು ಕುಳಿತಿದ್ದಾರೆ. ಕೆಳತುಟಿಯನ್ನು ಹೊರಕ್ಕೆ ಮಡಚಿ ಹಿಡಿದಿದ್ದಾರೆ. ಇನ್ನೊಂದು ಕೈಯಲ್ಲಿ ಹತ್ತಿ ಸುತ್ತಿದ ಕಡ್ಡಿ. ಮುಂದೆ ಗ್ಲಿಸರಿನ್ ಸೀಸೆ.

ಬದರಿನಾಥರು ಪಕ್ಕದ ಮನೆಯವರು. ಮೈಸೂರಿನಲ್ಲಿ ರಿಟೈರಾಗಿ ಮಗ ಶ್ರೀಕರನ ಜೊತೆ ಇರಲು ಬಂದವರು. ಒಂದು ಕಾಲದಲ್ಲಿ ರೈಲು ಎಂಜಿನ್ನಿನಂತೆ ಸಿಗರೇಟು ಸೇದಿ, ವರ್ಷಗಳ ಹಿಂದೆ ಒಂದೇ ಏಟಿಗೆ ಬಿಟ್ಟವರು. ಬಿಟ್ಟದ್ದು ಸಾಲದೆಂದು ಅದನ್ನು ಹೇಳುವುದನ್ನು ಹಿಡಿದಿದ್ದರು. ಕನ್ನಡ ಸಂಘದ ಯಾವ ಸಮಾರಂಭವಾದರೂ ಊಟಕ್ಕೆ ಮುಂಚೆ ಅವರದೊಂದು ವ್ಯಸನಮುಕ್ತಿ ಭಾಷಣ ಇರಲೇಬೇಕು. ಆಕ್ಲೆಂಡಿನ ಕನ್ನಡಿಗರು ಬಿಸಿಬೇಳೆಬಾತನ್ನು ಬಿಸಿಯಾಗಿ ತಿಂದು ಎಷ್ಟೋ ಕಾಲವಾಗಿತ್ತು.

"ಬಾಯಿಹುಣ್ಣಂತೆ, ಪಾಪ. ಎರಡು ದಿನದಿಂದ ಬರೀ ಮೊಸರನ್ನ ತಿಂತಾವ್ರೆ," ಎಂದಳು ಅಂಬುಜಾ. "ಗ್ಲಿಸರಿನ್ ಕೊಟ್ಟೆ."

"ಯಾವ ಗ್ಲಿಸರಿನ್?"

"ನಮ್ಮನೇಲಿ ಎಷ್ಟು ಥರದ್ದೈತೆ?"

ತಿಪ್ಪೇಸ್ವಾಮಿ ಸೀಸೆಯತ್ತ ಕೈ ಚಾಚಿದ. "ಅದು ಹಳೇದು ಸಾರ್. ಡೇಟ್ ಮುಗಿದೈತೆ. ಇಲ್ಲಿ ಕೊಡಿ, ಹೊಸದು ತಂದುಕೊಡ್ತೀನಿ."

"ಗ್ಲಿಸರಿನ್‌ಗೆಂಥ ಡೇಟ್ರೀ," ಎಂದರು ಬದರಿನಾಥರು, ಕಡ್ಡಿ ಅದ್ದಿ ತುಟಿಯೊಳಗೆ ಸವರುತ್ತ. "ಆಹಾ. ಪುದೀನ ಹಾಕಿದಾರೆ ಕಣಮ್ಮ. ಎಷ್ಟು ತಂಪಾಗಿದೆ. ಊರಿನ ಮಾಲು ಅಂದ್ರೆ ಊರಿನ ಮಾಲು. ಇಲ್ಲಿಯೋರು ಕೊಡೋದು ಬರೀ ಸಕ್ಕರೆ ಪಾಕ."

ಮತ್ತೊಮ್ಮೆ ಅದ್ದಿದರು. ಒಂದು ಬಿಕ್ಕಳಿಕೆ ಬಂತು. ಆಮೇಲೆ ಕಣ್ಣು ಅಗಲವಾಯಿತು. ಕುಸಿದು ಕುಳಿತಿದ್ದವರು ನೆಟ್ಟಗಾದರು. ಬಲಗಾಲು ಹೊಲಿಗೆ ಮೆಷಿನ್ ತುಳಿಯುವಂತೆ ತಾನಾಗಿ ಕುಣಿಯತೊಡಗಿತು.

"ಅಂಬುಜಮ್ಮ ನಿಮ್ಮ ವಿಷಯ ಹೇಳಿದ್ರು, ತಿಪ್ಪೇಸ್ವಾಮಿಯವರೇ," ಎಂದರು. "ನಾನು ನಿಮಗೆ ಬುದ್ಧಿ ಹೇಳೋಕಲ್ಲ ಬಂದಿರೋದು. ಆದ್ರೂ ಹೇಳ್ತೀನಿ." ಕಡ್ಡಿ ಅದ್ದಿದರು. "ಈ ನಿಕೋಟಿನ್ ಇದೆಯಲ್ಲ, ಅದು ಮನೆಗೆ ಬರೋದೇ ಗೊತ್ತಾಗಲ್ಲ." ಸವರಿದರು. "ಮೊದಲು ಹಿತವಾಗಿರುತ್ತೆ." ಇನ್ನೊಮ್ಮೆ ಅದ್ದಿದರು. "ಆಮೇಲೆ ಕೈ ತಾನಾಗೇ ಅದನ್ನ ಹುಡುಕುತ್ತೆ." ಸೀಸೆಯನ್ನು ಹತ್ತಿರ ಎಳೆದುಕೊಂಡರು. "ನನ್ನ ನೋಡಿ. ಅದರ ವಾಸನೆ ಒಂದು ಮೈಲಿ ದೂರದಲ್ಲಿದ್ರೂ ನನಗೆ ಗೊತ್ತಾಗಿಬಿಡುತ್ತೆ."

ಬಿಕ್ಕಳಿಕೆ ಜೋರಾಯಿತು. ಹಣೆಯಲ್ಲಿ ಬೆವರು ಮೂಡಿತು. ತಿಪ್ಪೇಸ್ವಾಮಿಗೆ ಅದಕ್ಕಿಂತ ಹೆಚ್ಚು ಬೆವರು. ಬಾಯಿ ಬಿಟ್ಟರೆ ಮೊಮ್ಮಗಳು ಹೋಗುತ್ತಾಳೆ, ಬಿಡದಿದ್ದರೆ ಮುದುಕರು ಹೋಗುತ್ತಾರೆ.

ಸೀಸೆಯನ್ನು ಕೈತಪ್ಪಿದಂತೆ ಬೀಳಿಸಿಬಿಡೋಣವೆಂದು ಅವನು ಟೇಬಲ್ ಒರೆಸುವ ನೆಪದಲ್ಲಿ ಮೊಣಕೈ ಬೀಸಿದ. ಮೊಣಕೈ ಮೊದಲು ತಗಲಿದ್ದು ಬಾಣಂತಿಗೆಂದು ಅಂಬುಜಾ ಕುಟ್ಟಿ ಕಟ್ಟಿಟ್ಟಿದ್ದ ಶುಂಠಿ ಮೆಣಸಿನ ಪುಡಿಗೆ. ಪೊಟ್ಟಣ ಒಡೆದು ಅಡಿಗೆಮನೆ ತುಂಬ ಪುಡಿ ಹಾರಿತು. ಮೂವರೂ ಸೀನತೊಡಗಿದರು. ಸೀಸೆಯೂ ಹಾರಿತು ನಿಜ. ಆದರೆ ಬದರಿನಾಥರು ಸೀನುತ್ತಲೇ ಎದ್ದು, ಸ್ಲಿಪ್ಪಿನಲ್ಲಿ ನಿಂತ ಫೀಲ್ಡರಿನಂತೆ ಒಂದೇ ಕೈಯಲ್ಲಿ ಅದನ್ನು ಹಿಡಿದರು. ಒಂದು ಹನಿ ಚೆಲ್ಲಲಿಲ್ಲ.

"ಕಣ್ಣು ಎಲ್ಲಿಟ್ಕೊಂಡಿದೀರ," ಎಂದು ಅಂಬುಜಾ ಸೀನಿನ ನಡುವೆ ಬೈದಳು. "ಬಾಣಂತಿ ಬಾಯಿಗೆ ಮಣ್ಣು ಹಾಕಿದ್ರಲ್ಲ."

"ಇರಲಿ ಬಿಡಮ್ಮ, ಗ್ಲಿಸರಿನ್ ಉಳೀತು," ಎಂದರು ಬದರಿನಾಥರು. "ಈ ಕಡ್ಡಿ ಸಹವಾಸ ಸಾಕು. ನಾಲಿಗೆ ಮೇಲೇ ಎರಡು ಗುಟುಕು ಬಿಟ್ಕೊಂಡ್ರೆ ಒಂದೇ ಸಲಕ್ಕೆ ವಾಸಿಯಾಗುತ್ತೆ."

ತಲೆ ಹಿಂದಕ್ಕೆ ವಾಲಿಸಿ ಸೀಸೆ ಎತ್ತಿದರು.

ತಿಪ್ಪೇಸ್ವಾಮಿ ಟೇಬಲ್ ಮೇಲಿಂದಲೇ ಹಾರಿ ಅವರ ಮಣಿಕಟ್ಟು ಹಿಡಿದ. "ಕುಡೀಬೇಡ್ರಿ. ಅದು ಗ್ಲಿಸರಿನ್ ಅಲ್ಲ. ನನ್ನ ವೇಪಿಗೆ ತುಂಬೋ ನೀರು. ನಿಕೋಟಿನ್ ಐತೆ ಅದ್ರಲ್ಲಿ. ಹೊಟ್ಟೆಗೆ ಹೋದ್ರೆ ವಿಷ."

ಬದರಿನಾಥರು ಸಿಂಕಿಗೆ ಓಡಿ ಬಾಯಿ ಮುಕ್ಕಳಿಸಿದರು, ಚೊಂಬು ನೀರು ಕುಡಿದರು, ಬಂದು ಕುಳಿತರು. ಕಾಲು ಮಾತ್ರ ಇನ್ನೂ ಕುಣಿಯುತ್ತಿತ್ತು.

ತಿಪ್ಪೇಸ್ವಾಮಿ ಬೈಗುಳಕ್ಕೆ ತಲೆ ಒಡ್ಡಿ ನಿಂತ. ಅಂಬುಜಾ ಸೀಸೆ ಎತ್ತಿಕೊಂಡು ಮೂಸಿದಳು.

"ಬಾಯಿ ಮುಚ್ಕೊಂಡಿದ್ರೆ ತಪ್ಪಿಸ್ಕೋಬೋದಿತ್ತು ನೀವು," ಎಂದಳು. "ಆದ್ರೂ ಆ ಹಿರಿಯರ ಜೀವ ದೊಡ್ಡದು ಅಂತ ಹೇಳಿದ್ರಲ್ಲ. ಸುಳ್ಳುಗಾರರಾದ್ರೂ ಕಟುಕರಲ್ಲ. ಹೋಗಿ, ಎಲ್ಲಾ ತನ್ನಿ."

ಅವನು ಯಂತ್ರ, ಪಾಡುಗಳು, ಸಿರಿಂಜು, ಪಿನ್ನು ತಂದು ಟೇಬಲ್ ಮೇಲಿಟ್ಟ.

"ನನ್ನ ಪಿನ್ನು ಇಲ್ಲಿತ್ತಾ? ಮಗಳ ಸೀಮಂತದಲ್ಲಿ ಹುಡುಕಿ ಹುಡುಕಿ ಸತ್ತೆ. ಇಷ್ಟೇನಾ?"

"ಇಷ್ಟೇ ಕಣೇ."

"ಲಾಸ್ಯಾಗೆ ನಾನೇನೂ ಹೇಳಲ್ಲ. ಹೋಗ್ತಿದ್ದಂಗೆ ಕೈ ತೊಳ್ಕೊಂಡು ಕೂಸನ್ನ ಎತ್ಕೊಳ್ಳಿ. ಆದ್ರೆ ಇದೇ ಕೊನೆ."

ತಿಪ್ಪೇಸ್ವಾಮಿ ಮೂಗು ಒರೆಸಿಕೊಂಡು, "ಶುಂಠಿ ಪುಡಿ ಘಾಟು," ಎಂದ. ಅವಳು ಅವನ ಅಂಗಿಯ ಕಾಲರಿನ ಮೇಲೆ ಕೂತಿದ್ದ ಪುಡಿ ಕೊಡವಿದಳು.

ಬದರಿನಾಥರು ಎದ್ದು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿದರು. ಸೀಸೆಯ ಮುಚ್ಚಳವನ್ನು ಜೋಪಾನವಾಗಿ ತಿರುಗಿಸಿದರು. "ಇದನ್ನ ಮನೆ ಕಸಕ್ಕೆ ಹಾಕಬಾರದು. ಬ್ಯಾಟರಿ ಇದೆ, ಬೆಂಕಿ ಹತ್ತುತ್ತೆ. ನಾನು ಇದಕ್ಕೊಂದು ಗತಿ ಕಾಣಿಸ್ತೀನಿ. ನೀವು ಸಾಮಾನು ಹೊರಗಿಡಿ, ಕಾರು ತಂದೆ," ಎಂದು ಹೋದರು.

ಗಂಡಹೆಂಡತಿ ಪೆಟ್ಟಿಗೆಗಳ ಜೊತೆ ಡ್ರೈವ್‌ವೇಯಲ್ಲಿ ನಿಂತರು. ಕಾರು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಬದರಿನಾಥರ ಹೆಂಡತಿ ಲೀಲಾ ಇವರನ್ನು ಕಂಡು ಬೆಚ್ಚಿದರು.

"ನೀವಿನ್ನೂ ಇಲ್ಲೇ ಇದೀರಾ? ಇವರು ಆಗ್ಲೇ ಕಾರ್ ತಗೊಂಡು ಭರ್ ಅಂತ ಹೋದ್ರಲ್ಲ. ಹಿಂದುಗಡೆ ಸೀಟಲ್ಲಿ ನೀವು ಕೂತಿದೀರ ಅಂದ್ಕೊಂಡೆ."

"ವಿಮಾನ ತಪ್ಪುತ್ತೆ," ಎಂದು ಅಂಬುಜಾ ಟ್ಯಾಕ್ಸಿಗೆ ಹೇಳಿದಳು. ಅಷ್ಟರಲ್ಲಿ ತಿಪ್ಪೇಸ್ವಾಮಿಯ ಫೋನು ಹೊಡೆದುಕೊಂಡಿತು. ಬದರಿನಾಥರೇ. ದನಿ ಪಿಸುಗುಡುತ್ತಿತ್ತು.

"ತಿಪ್ಪೇಸ್ವಾಮಿಯವರೇ, ಪಾರ್ಕ್ ಹತ್ರ ಇದೀನಿ. ನಾಲ್ಕು ಜನಕ್ಕೆ ತಿಳಿಹೇಳೋನು ತಾನು ಮೊದಲು ತಿಳ್ಕೊಂಡಿರಬೇಕು ಅಲ್ವಾ? ಅದಕ್ಕೇ ಒಂದು ಪರೀಕ್ಷೆ ಮಾಡಿ ಆಮೇಲೆ ಎಸೆಯೋಣ ಅಂತ. ಇದೇನ್ರೀ, ಕೂದಲು ಸುಟ್ಟ ಹಾಗಿದೆ?"

ತಿಪ್ಪೇಸ್ವಾಮಿಯೊಳಗಿನ ಮೆಕ್ಯಾನಿಕ್ಕು ಸಿಡಿದೆದ್ದ. ಯಂತ್ರವನ್ನು ಹಾಳುಮಾಡುವವರನ್ನು ಕಂಡರೆ ಅವನಿಗೆ ಆಗದು. "ತುಂಬಿದ ಕೂಡ್ಲೇ ಎಳೆದ್ರಾ? ತಲೆ ಐತೇನ್ರೀ ನಿಮಗೆ? ಹತ್ತಿ ನೆನೀಬೇಕು. ನೆನೆಯೋ ಮುಂಚೆ ಎಳೆದ್ರೆ ಕಾಯಿಲ್ ಸುಟ್ಟೇ ಹೋಗ್ತೈತೆ."

"ಹತ್ತಿ ಎಲ್ಲಿದೆ?"

"ಒಳಗೆ. ಸರಿಯಾಗಿ ಕೇಳಿಸ್ಕಳಿ." ಗಾಳಿಯಲ್ಲಿ ಪಿನ್ನು ಹಿಡಿದಂತೆ ಬೆರಳು ಮಾಡಿಕೊಂಡು, ಲೆಟರ್‌ಬಾಕ್ಸಿನ ಕಡೆ ಮುಖಮಾಡಿ, ಅವನು ಡಿಪೋದ ಅಪ್ರೆಂಟಿಸಿಗೆ ಕಲಿಸುವ ದನಿಯಲ್ಲಿ ಹೇಳತೊಡಗಿದ. "ಪಿನ್ನನ್ನ ಓರೆಯಾಗಿ ಹಿಡೀರಿ. ಬಿರಡೆ ಪೂರ್ತಿ ಕೀಳಬ್ಯಾಡ್ರಿ, ಅರ್ಧ ಎಬ್ಬಿಸಿ ಸಾಕು. ಸಿರಿಂಜು ಮೆಲ್ಲಗೆ ಒತ್ತಿ, ಗುಳ್ಳೆ ಏಳಬಾರದು. ಏನು, ಸೋರ್ತೈತಾ? ಹಂಗಾದ್ರೆ ಅದು ಹೋತು, ಬಿಡಿ. ಅದ್ರ ಜೀವ ಯಾಕೆ ತಿಂತೀರಿ? ನಮ್ಮ ಗ್ಯಾರೇಜಲ್ಲಿ ಪೇಂಟ್ ಡಬ್ಬಿ ಹಿಂದೆ ಇನ್ನೊಂದು ಹೊಸ ಸೆಟ್ ಐತೆ. ನೀರು ಹೆಂಗೂ ನಿಮ್ಮತ್ರ ಐತೆ. ಅದಕ್ಕೆ ಹಾಕ್ಕೊಂಡು ನೋಡ್ರಿ, ಹೆಂಗೆ ಎಳೀತೈತೆ."

ಹಿಂದೆ ಕಾರಿನ ಡಿಕ್ಕಿ ದಡ್ ಎಂದು ಮುಚ್ಚಿದ ಸದ್ದು. ತಿಪ್ಪೇಸ್ವಾಮಿ ಬೆರಳುಗಳನ್ನು ಹಾಗೇ ಗಾಳಿಯಲ್ಲಿ ಹಿಡಿದು ತಿರುಗಿದ.

ಟ್ಯಾಕ್ಸಿ ಯಾವಾಗ ಬಂತೋ. ಅಂಬುಜಾ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟಿದ್ದಳು. ಎಲ್ಲ ಕೇಳಿಸಿಕೊಂಡ ಮುಖ. ಬೈಯಲೂ ಇಲ್ಲ. ಕುಳಿತಳು, ಬಾಗಿಲು ಎಳೆದುಕೊಂಡಳು. ಡ್ರೈವ್‌ವೇಯಲ್ಲಿ ಅವನ ಪೆಟ್ಟಿಗೆ ಒಂದೇ ನಿಂತಿತ್ತು.

"ಅಂಬುಜಾ, ಅದು ಹಳೇದು ಕಣೇ. ಬಸ್ಸಿಂದು," ಎಂದು ಅವನು ಕೂಗಿದ.

ಟ್ಯಾಕ್ಸಿ ನ್ಯೂ ನಾರ್ತ್ ರಸ್ತೆಯ ತಿರುವಿಗೆ ಹೋಗಿ ಒಂದು ಗಳಿಗೆ ನಿಂತಿತು. ಬೈಯುವುದಕ್ಕಾದರೂ ಅವಳು ಇಳಿದು ಬರುತ್ತಾಳೆ ಎಂದು ತಿಪ್ಪೇಸ್ವಾಮಿ ಕತ್ತು ಉದ್ದ ಮಾಡಿ ನೋಡಿದ. ಇಷ್ಟು ವರ್ಷದಲ್ಲಿ ಬೈಯದೆ ಅವಳು ಎಲ್ಲಿಗೂ ಹೋದವಳಲ್ಲ.

"ಹಲೋ, ಹಲೋ," ಎನ್ನುತ್ತಿತ್ತು ಕೈಯಲ್ಲಿದ್ದ ಫೋನು. "ಪೇಂಟ್ ಡಬ್ಬಿ ಅಂದ್ರಲ್ಲ, ಯಾವ ಬಣ್ಣದ್ದು?"

ಸಿಗ್ನಲ್ ಹಸಿರಾಗಿರಬೇಕು. ಟ್ಯಾಕ್ಸಿ ಎಡಕ್ಕೆ ಹೊರಳಿ ಮರೆಯಾಯಿತು. ಅವನು ಲೆಟರ್‌ಬಾಕ್ಸ್ ಹಿಡಿದುಕೊಂಡು ನಿಂತೇ ಇದ್ದ. ಅದು ತಿರುಗಿ ಬರಲಿಲ್ಲ.