ನಾಲ್ಕು ಬೋಗುಣಿ ನೀರಿನ ಸುಬಾ

ನಮ್ಮ ಸೋದರತ್ತೆ ಸಮುದ್ರವನ್ನು ಕಣ್ಣಾರೆ ಕಂಡವಳಲ್ಲ. ಆದರೂ ಒಂದು ಟ್ರಾಪಿಕಲ್ ದ್ವೀಪವನ್ನು ವರ್ಷಗಟ್ಟಲೆ ಆಳಿದಳು. ಅದೂ ಎಲ್ಲಿ? ತೆಲಂಗಾಣದ ಗಡಿಯೂರು ಮಕ್ತಲದಲ್ಲಿ! ಬೇಸಿಗೆ ಬಂತೆಂದರೆ ಕಾಗೆ ಕೂಡ ನೆರಳು ಬಿಟ್ಟು ಹಾರಲು ಹಿಂದೆಮುಂದೆ ನೋಡುವ ಊರಿನಲ್ಲಿ, ನಮ್ಮ ಮನೆಯ ಪಡಸಾಲೆಯ ಒಂದು ಮೂಲೆಯಲ್ಲಿ. ನಂಬುವುದಿಲ್ಲವೇ? ನಾನು ಆ ಸರ್ಕಾರದ ಚೀಫ್ ಸೆಕ್ರೆಟರಿಯಾಗಿದ್ದವಳು. ಸಂಬಳವಿರಲಿಲ್ಲ, ಬೈಗುಳ ಮಾತ್ರ ಹೊತ್ತುಹೊತ್ತಿಗೆ ಸಿಗುತ್ತಿತ್ತು.

ಈ ದ್ವೀಪದ ಬೀಜ ಬಿತ್ತಿದ್ದು ನಾನೇ ಇರಬೇಕು. ಚಿಕ್ಕಂದಿನಲ್ಲಿ ನನ್ನನ್ನು ಹೈದರಾಬಾದಿನ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದ್ದರು. ರಜೆಗೆ ಬಂದಾಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಜಿಯಾಗ್ರಫಿ ಉರು ಹೊಡೆಯುತ್ತಿದ್ದೆ. "ಆ್ಯನ್ ಐಲ್ಯಾಂಡ್ ಈಸ್ ಎ ಪೀಸ್ ಆಫ್ ಲ್ಯಾಂಡ್..." ಒಳಗೆ ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನನಗಿಂತ ಹತ್ತು ವರ್ಷಕ್ಕಷ್ಟೇ ದೊಡ್ಡವಳು. ಉಂಡವಳ್ಳಿಗೆ ಕೊಟ್ಟಿದ್ದರು, ಗಂಡ ಬೇಗ ತೀರಿಕೊಂಡದ್ದರಿಂದ ತವರಿಗೆ ಬಂದು ನಮ್ಮ ಅಡುಗೆಮನೆಗೆ ಒಡತಿಯಾಗಿದ್ದಳು. ಶಾಲೆಯ ಮುಖ ಕಂಡವಳಲ್ಲ.

"ಏ ಕಾನ್ವೆಂಟ್, ಹಂಗಂದ್ರೇನ?" ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ.

"ಸುತ್ತ ನಾಕೂ ಕಡಿ ನೀರು ಇರೋ ಭೂಮಿ, ಅತ್ತಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. "ಅಂದ್ರ ಬೀಗರು ಹೇಳದ ಕೇಳದ ಬರಾಕ ಆಗಂಗಿಲ್ಲೇನು?"

"ಆಗಂಗಿಲ್ಲ. ದೋಣಿ ಬೇಕು."

"ಎಂಥಾ ಪುಣ್ಯಭೂಮಿ!" ಎಂದು ಉಸಿರು ಬಿಟ್ಟು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಅಷ್ಟಕ್ಕೇ ಬಿಟ್ಟಳೇ? ಆ ರಜೆಯಿಡೀ ನಾನು ಪಾಠ ಒಪ್ಪಿಸಿದ್ದು ಕಾನ್ವೆಂಟಿನ ಸಿಸ್ಟರ್‌ಗಳಿಗಲ್ಲ, ಅವಳಿಗೆ. ಟ್ರಾಪಿಕಲ್ ದ್ವೀಪಗಳಲ್ಲಿ ದಿನಾ ಮಧ್ಯಾಹ್ನ ಮಳೆ ಬರುತ್ತದೆ ಎಂದರೆ "ಖರೇ ಹೇಳು, ದಿನಾ?" ಎಂದು ಮೂರು ಸಲ ಕೇಳಿದಳು. ಮಳೆಗಾಗಿ ವರ್ಷವಿಡೀ ಆಕಾಶ ನೋಡುವ ನಮ್ಮ ಸೀಮೆಯವರಿಗೆ ಅದು ಭೂಗೋಳವಲ್ಲ, ಪುರಾಣ!

ಕಾಲ ಉರುಳಿತು. ಎಂಬತ್ತು ಹತ್ತಿರವಾಗುವಾಗ ಅತ್ತೆಗೆ ಹೊಸದೊಂದು ಚಟ ಅಂಟಿತು. ದಿಂಬಿನ ಕೆಳಗೆ ಕರ್ಚಿಕಾಯಿ ಬಚ್ಚಿಡುವುದು. ಚಟದ ಬೆನ್ನುಹತ್ತಿ ಇರುವೆ ಬಂದವು. ಇರುವೆಗೆ ನಮ್ಮಲ್ಲಿ ಹಳೆಯ ಉಪಾಯವೊಂದುಂಟು. ಹಾಲು ಬೆಣ್ಣೆ ಇಡುವ ಜಾಲರಿ ಕಪಾಟಿನ ಕಾಲುಗಳನ್ನು ನೀರು ತುಂಬಿದ ಬೋಗುಣಿಗಳಲ್ಲಿ ಇಡುತ್ತೇವೆ. ಅತ್ತೆ ಅದೇ ವೈದ್ಯವನ್ನು ತನ್ನ ಮಂಚಕ್ಕೆ ಮಾಡಿಸಿದಳು. ನಾಲ್ಕು ಕಾಲಿಗೆ ನಾಲ್ಕು ಬೋಗುಣಿ. ನಾನು ನಗೆಯಾಡಿದೆ: "ಅತ್ತೀ, ಈಗ ನೀ ಐಲ್ಯಾಂಡ್ ಆದಿ ನೋಡು!"

ಅವಳು ನಗಲಿಲ್ಲ. ಮಂಚದ ಮೇಲೆ ಎದ್ದು ಕೂತು, ನಾಲ್ಕೂ ಕಡೆ ಬಗ್ಗಿ ನೋಡಿ, "ಹೌದಲ್ಲ!" ಎಂದಳು.

ನನ್ನೊಳಗಿನ ಟೀಚರ್ ಸುಮ್ಮನಿರಬೇಕಲ್ಲ. "ಟೆಕ್ನಿಕಲಿ, ನೀರು ಇರೋದು ಕಾಲಿಗೆ ಅಷ್ಟ. ಮಂಚದ ಸುತ್ತ ಎಲ್ಲೈತಿ?"

"ಕಾಲು ನೀರಾಗ ಇಟ್ಟಾಕಿನ್ನ ನೆಲದ ಮ್ಯಾಲ ಅದಾಳ ಅಂತಾರೇನ?" ಎಂದು ಬಾಯಿ ಮುಚ್ಚಿಸಿದಳು.

ಹೀಗೆ ಹುಟ್ಟಿದ ನಾಡಿನ ಭೂವಿವರ ಕೇಳಿ. ಪೂರ್ವಕ್ಕೆ ಅಡುಗೆಮನೆ, ಅಂದರೆ ಫಲವತ್ತಾದ ಕರಾವಳಿ. ಪಶ್ಚಿಮಕ್ಕೆ ಬಚ್ಚಲು, ಹೋಗಿಬರಲು ಊರುಗೋಲು ಬೇಕಾದ ದುರ್ಗಮ ಪ್ರದೇಶ. ಉತ್ತರಕ್ಕೆ ದೇವರ ಜಗುಲಿ, ದಕ್ಷಿಣಕ್ಕೆ ಟಿವಿ. ತಲೆಯ ಕಡೆ ಮಡಿಸಿಟ್ಟ ಕೌದಿಗಳ ಪರ್ವತಶ್ರೇಣಿ. ಜ್ವಾಲಾಮುಖಿ ಒಂದೇ, ಅದು ಅತ್ತೆಯ ಬಾಯಿ, ಆರಿದ್ದನ್ನು ಕಂಡವರಿಲ್ಲ. ಮುಖ್ಯ ರಫ್ತು ಉಪದೇಶ, ಮುಖ್ಯ ಆಮದು ಚಹಾ. ವೈರಿ ದೇಶದಿಂದ ಬರುತ್ತಿದ್ದದ್ದು ಬೆಕ್ಕು ಮಾತ್ರ. ನೀರನ್ನು ಲೆಕ್ಕಿಸದೆ ನೆಗೆದು ಬರುತ್ತಿದ್ದುದರಿಂದ ಅದನ್ನು ಏರ್‌ಫೋರ್ಸ್ ಎಂದು ಕರೆದು ಒಪ್ಪಂದ ಮಾಡಿಕೊಂಡೆವು.

ಹೆಸರೇನಿಡೋಣ ಎಂದೆ. "ಹೆಸರು ಬ್ಯಾಡ. ಹೆಸರಿಟ್ರ ನಾಳೆ ಬರೋ ಸರ್ಕಾರ ಬದಲಿ ಮಾಡತೈತಿ."

ಹವಾಮಾನ? ಅದಕ್ಕೂ ಅವಳೇ ದೇವರು. ಹಳೆಯ ಗದ್ವಾಲ ಸೀರೆಯೊಂದನ್ನು ಒದ್ದೆ ಮಾಡಿ ಸೊಳ್ಳೆಪರದೆಯ ಕೋಲುಗಳಿಗೆ ಕಟ್ಟಿಸಿ, ಅದರ ಹಿಂದೆ ಟೇಬಲ್ ಫ್ಯಾನ್ ಇಡಿಸಿದಳು. ಒಂದರ ಮೇಲೆ ಇಟ್ಟರೆ ಕಡಲ ಗಾಳಿ, ಎರಡಕ್ಕೆ ಮುಂಗಾರು, ಮೂರಕ್ಕೆ ಚಂಡಮಾರುತ. "ನಿಮಗ ವರ್ಷಕ್ಕ ಮೂರು ಕಾಲ, ನನಗ ದಿನಕ್ಕ ಮೂರು!" ಕರೆಂಟು ಹೋದರೆ ದ್ವೀಪಕ್ಕೆ ಬೇಸಿಗೆ ರಜೆ.

ಒಮ್ಮೆ ಬೇಸಿಗೆಯಲ್ಲಿ ಬೀಗರೊಬ್ಬರು ಬಂದರು. ತಹಸೀಲ್ ಕಚೇರಿಯಲ್ಲಿ ಪೇಷ್ಕಾರರಾಗಿದ್ದು ರಿಟೈರಾದವರು. ಊರೆಲ್ಲ ಪೇಷ್ಕಾರ ಸಾಹೇಬರೆಂದೇ ಕರೆಯುವುದು. ನಮ್ಮ ಬಳಗದಲ್ಲಿ ಯಾರ ಮನೆಯ ಜಗಳವಾದರೂ ಅವರೇ ಜಡ್ಜು. ಇಸ್ತ್ರಿ ಮುರಿಯದ ಶೇರ್ವಾನಿ ಹಾಕಿಕೊಂಡು ಮಂಚದ ಪಕ್ಕ ಕೂತು "ಹ್ಯಾಂಗದೀರಿ ಅಕ್ಕಾರ?" ಎಂದರು. ಅತ್ತೆ ನನಗೆ ಕಣ್ಸನ್ನೆ ಮಾಡಿದಳು. ನಾನು ಫ್ಯಾನಿನ ಗುಂಡಿ ಮೂರಕ್ಕೆ ತಿರುಗಿಸಿದೆ. ಒದ್ದೆ ಸೀರೆ ಫಟಾರೆಂದು ಹಾರಿ ಸಾಹೇಬರ ಮುಖಕ್ಕೇ ಸುತ್ತಿಕೊಂಡಿತು!

"ಇದೇನ್ರೀ ಅಕ್ಕಾರ!" ಎಂದು ಒಳಗಿನಿಂದ ಚೀರಿದರು.

"ಏನಿಲ್ರೀ ಬೀಗರ, ನಮ್ಮ ಕಡಿ ಈಗ ಮಳಿಗಾಲ. ಬರೋವಾಗ ಛತ್ರಿ ತರಬೇಕಿತ್ರಿ."

ಇನ್ನು ರಾಜ್ಯಾಡಳಿತ. "ದೇಶ ಯಾಕ ಮಾಡಲಿಲ್ಲ, ಬರೇ ಪ್ರಾಂತ್ಯ ಮಾಡಿದಿ?" ಎಂದು ನಾನೊಮ್ಮೆ ಕೇಳಿದೆ. ಪ್ರಾಂತ್ಯಕ್ಕೆ ಅವಳು ಬಳಸುತ್ತಿದ್ದದ್ದು ನಿಜಾಮನ ಕಾಲದ ಮಾತು, ಸುಬಾ. ಅವಳು ನನ್ನ ಓದಿಗೆ ಮರುಗುವಂತೆ ತಲೆಯಾಡಿಸಿದಳು. "ದೇಶ ಆದ್ರ ಖರ್ಚು ನಾವ ನೋಡಬೇಕು. ಸುಬಾ ಆದ್ರ ಖರ್ಚು ಕೇಂದ್ರದ್ದು, ದರ್ಬಾರು ನಂದು!" ಪೊಲಿಟಿಕಲ್ ಸೈನ್ಸನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಜೋರಾಯಿತು. ಮಕ್ತಲದಲ್ಲೂ ಧರಣಿಯ ಟೆಂಟು ಎದ್ದಿತು. ಅತ್ತೆ ದಿನಾ ಊರುಗೋಲು ಹಿಡಿದು ಹೋಗಿ ಮೊದಲ ಸಾಲಿನ ಕುರ್ಚಿ ಹಿಡಿಯುತ್ತಿದ್ದಳು. ಹೋದದ್ದು ನೆರಳಿಗೆ, ಮಜ್ಜಿಗೆಗೆ. ಆದರೆ ಬರುವಾಗ ವಿದ್ಯೆ ಕಲಿತು ಬರುತ್ತಿದ್ದಳು. ರಾಸ್ತಾ ರೋಕೋ ಎಂದರೆ ಏನು, ಸರದಿ ಪ್ರಕಾರ ಒಬ್ಬರಾದ ಮೇಲೊಬ್ಬರು ಉಪವಾಸ ಕೂರುವ ರಿಲೇ ದೀಕ್ಷೆ ಎಂದರೆ ಏನು ಎಲ್ಲವನ್ನೂ ಅರಗಿಸಿಕೊಂಡಳು. ಅವಳಿಗೆ ಬಹಳ ಹಿಡಿಸಿದ್ದು ವಂಟಾ-ವಾರ್ಪು. ನಡುರಸ್ತೆಯಲ್ಲೇ ಒಲೆ ಹೂಡಿ, ಅಡುಗೆ ಮಾಡಿ, ಅಲ್ಲೇ ಕೂತು ಉಂಡು ದಾರಿ ಕಟ್ಟುವ ಪ್ರತಿಭಟನೆ. "ಜಗಳಾನೂ ಆತು, ಊಟಾನೂ ಆತು. ಎಷ್ಟು ಚಂದ!" ಎನ್ನುತ್ತಿದ್ದಳು.

ಕೊನೆಗೆ ರಾಜ್ಯ ಬಂತು! ಆ ಜೂನಿನಲ್ಲಿ ಬೀದಿಯೆಲ್ಲ ಗುಲಾಲು, ತಮಟೆ. ಅತ್ತೆ ಬಿಳಿ ತಲೆಯನ್ನೆಲ್ಲ ಗುಲಾಬಿ ಮಾಡಿಕೊಂಡು ಬಂದು ಮಂಚ ಏರಿದಳು. ಅದರ ಬೆನ್ನಲ್ಲೇ ನಮ್ಮ ಮನೆಯಲ್ಲೂ ವಿಭಜನೆಯ ಮಾತು ಎದ್ದಿತು.

ನನಗಿಬ್ಬರು ತಮ್ಮಂದಿರು. ದೊಡ್ಡವನದು ಮಕ್ತಲದಲ್ಲಿ ತೊಗರಿ ವ್ಯಾಪಾರ. ಸಣ್ಣವನದು ಗದ್ವಾಲದಲ್ಲಿ ಸೀರೆ ಅಂಗಡಿ. ತನ್ನ ಪಾಲಿನ ಅರ್ಧ ಮನೆಯನ್ನು ಗೋದಾಮು ಮಾಡಬೇಕೆಂದಿದ್ದ. ಪೇಷ್ಕಾರ ಸಾಹೇಬರು ಬಂದರು. ಈ ಸಲ ಮಂಚದಿಂದ ದೂರ ಕೂತರು. ಪಡಸಾಲೆಯ ನಟ್ಟನಡುವೆ ಗೋಡೆ ಏಳುವುದೆಂದಾಯಿತು. ಬಾವಿ ಇಬ್ಬರದು, ಅಟ್ಟ ಒಬ್ಬರದು, ತಾಮ್ರದ ಹಂಡೆ ಇನ್ನೊಬ್ಬರದು. ಎಲ್ಲ ಮುಗಿದ ಮೇಲೆ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಇನ್ನ ಅಕ್ಕಾರು ಒಬ್ರು ಉಳದಾರ. ಆರು ತಿಂಗಳು ಮಕ್ತಲದಾಗ, ಆರು ತಿಂಗಳು ಹೊಳಿ ದಾಟಿ ಗದ್ವಾಲದಾಗ. ಬರೋಬ್ಬರಿ ಆತಲ್ರೀ?"

ಮಂಚದಿಂದ ಗುಡುಗು ಬಂತು. "ನನ್ನ ಹಂಚಾಕ ನಾ ಏನು ಕೃಷ್ಣಾ ನೀರೇನ್ರೀ ಸಾಹೇಬ್ರ?"

ದೊಡ್ಡ ತಮ್ಮ ಮೆಲ್ಲಗೆ, "ಹಂಗಲ್ಲ ಅತ್ತೀ, ಇಬ್ಬರಿಗೂ ನಿನ್ನ ಸೇವಾ ಮಾಡೋ ಪುಣ್ಯ..." ಎಂದ.

"ಪುಣ್ಯ ಬೇಕಾದ್ರ ಗುಡಿಗೆ ಹೋಗ್ರಿ. ಹೊಳಿ ದಾಟಸಾಕ ನಾ ಕುರಿ ಅಲ್ಲ. ನಂದು ಬ್ಯಾರೆ ಸುಬಾ. ಮಕ್ತಲದ್ದೂ ಅಲ್ಲ, ಗದ್ವಾಲದ್ದೂ ಅಲ್ಲ!"

ಎಲ್ಲರೂ ನಕ್ಕರು. ಅವಳು ನಗಲಿಲ್ಲವೆಂಬುದನ್ನು ನಾನು ಮಾತ್ರ ನೋಡಿದೆ. ಎಂಬತ್ತು ದಾಟಿದವಳು ಎಲ್ಲಿ ಮಲಗಬೇಕು, ಎಲ್ಲಿ ಏಳಬೇಕು ಎಂದು ಅವಳನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸಿದ್ದರು. ಇಬ್ಬರನ್ನೂ ಎತ್ತಿ ಆಡಿಸಿದವಳು ಅವಳೇ.

ಮಾರನೆಯ ಬೆಳಿಗ್ಗೆ ಗೌಂಡಿ ಬಂದು ಗೋಡೆಯ ಗೆರೆಗೆ ದಾರ ಕಟ್ಟಲು ನೋಡುತ್ತಾನೆ, ನಟ್ಟನಡುವೆ ದ್ವೀಪ! ಬೋಗುಣಿ ಸಮೇತ ಮಂಚ ಮೂಲೆಯಿಂದ ಮಧ್ಯಕ್ಕೆ ಸರಿದು ಬಂದಿತ್ತು. ಕಾಂಟಿನೆಂಟಲ್ ಡ್ರಿಫ್ಟ್‌ಗೆ ಕೋಟಿ ವರ್ಷ ಬೇಕು ಎಂದು ಓದಿದ್ದೆ. ತಮ್ಮಂದಿರ ಹೆಂಡಂದಿರಿಬ್ಬರು ಸೇರಿದರೆ ಒಂದು ಗಳಿಗೆ ಸಾಕು!

"ಅಮ್ಮಾ, ಮಂಚಂ ಕೊಂಚೆಂ ಜರಪಂಡಿ," ಗೌಂಡಿ ತೆಲುಗಿನಲ್ಲಿ ಬೇಡಿಕೊಂಡ, ಮಂಚ ಸ್ವಲ್ಪ ಸರಿಸಿ ಅಂತ.

"ಜರಪನು!" ಸರಿಸುವುದಿಲ್ಲ ಎಂದು ಅತ್ತೆಯೂ ತೆಲುಗಿಗೆ ತಿರುಗಿದಳು. ನಂತರ ನನ್ನತ್ತ, "ಏ ಕಾನ್ವೆಂಟ್, ಇವತ್ತಿಂದ ರಿಲೇ ಉಪವಾಸ. ಮುಂಜಾನಿ ನೀ, ಮಧ್ಯಾಹ್ನ ನಿನ್ನ ತಮ್ಮಂದಿರು."

"ನೀ ಯಾವಾಗ ಅತ್ತೀ?"

"ನಾ ಲೀಡರ್. ಲೀಡರ್ ಉಪವಾಸ ಕೂತ್ರ ಭಾಷಣ ಯಾರು ಮಾಡತಾರ?"

ಮಧ್ಯಾಹ್ನದ ಹೊತ್ತಿಗೆ ಅವಳು ಕೊನೆಯ ಅಸ್ತ್ರ ತೆಗೆದಳು. ಗೋಡೆಯ ಗೆರೆಯ ಮೇಲೇ ಸೀಮೆಎಣ್ಣೆ ಸ್ಟೋವ್ ಹಚ್ಚಿಸಿ, ಮಂಚದ ಮೇಲಿಂದಲೇ ಬಗ್ಗಿ ಕಡಲೆಹಿಟ್ಟಿನ ಝುಣಕ ತಿರುವತೊಡಗಿದಳು. ಬೆಳ್ಳುಳ್ಳಿ ಒಗ್ಗರಣೆ ಚಟಪಟ ಎಂದದ್ದೇ ತಡ, ಅರ್ಧ ಮನೆ, ಇನ್ನರ್ಧ ಮನೆ ಎರಡೂ ಮೂಗು ಅರಳಿಸಿದವು. ಮೊದಲು ಶರಣಾದವನು ಗೌಂಡಿ. ಕೈ ತೊಳೆದು ಬಂದು ಕೂತೇಬಿಟ್ಟ. ಆಮೇಲೆ ಉಪವಾಸದ ಸರದಿಯಲ್ಲಿದ್ದ ನನ್ನ ಸಣ್ಣ ತಮ್ಮ. ಅವನ ಹಿಂದೆ ದೊಡ್ಡವನು. ದಾರದ ಆ ಕಡೆ ಒಬ್ಬ, ಈ ಕಡೆ ಒಬ್ಬ, ನಡುವೆ ಸಜ್ಜೆ ರೊಟ್ಟಿಯ ಬುಟ್ಟಿ. ಗೋಡೆಯ ಕೆಲಸ ನೋಡಲು ಬಂದಿದ್ದ ಪೇಷ್ಕಾರ ಸಾಹೇಬರು "ನಾ ಉಂಡ ಬಂದೀನ್ರೀ" ಎನ್ನುತ್ತಲೇ ಮೂರನೆಯ ರೊಟ್ಟಿಗೆ ಕೈ ಹಾಕಿದರು.

"ಅತ್ತೀ, ಏನು ಬೇಕು ಹೇಳಿಬಿಡು," ದೊಡ್ಡ ತಮ್ಮ ಬಾಯ್ತುಂಬ ರೊಟ್ಟಿ ಇಟ್ಟುಕೊಂಡೇ ಸೋತ.

ಅತ್ತೆ ಸೌಟು ಕೆಳಗಿಟ್ಟಳು. "ನನ್ನ ಯಾರೂ ಹಂಚಬಾರದು. ಈ ನಡುವಿನ ಅಂಕಣ ನಂದು. ಆ ಕಡಿ ಒಂದು ಬಾಗಲ, ಈ ಕಡಿ ಒಂದು ಬಾಗಲ. ಯಾವ ಬಾಗಲ ತಗೀಬೇಕು ಅನ್ನೋದು ನನ್ನ ಮರ್ಜಿ."

ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಗೋದಾಮು ಒಂದೆರಡು ಮೊಳ ಸಣ್ಣದಾದ್ರ ಆಗಲಿ ಬಿಡ್ರಿ," ಎಂದ ಸಣ್ಣವನು. ಪೇಷ್ಕಾರ ಸಾಹೇಬರು ಬೆರಳು ನೆಕ್ಕುತ್ತ "ಮಂಜೂರ್!" ಎಂದು ಕೂಗಿದರು. ಗೆದ್ದಿತು ನಮ್ಮ ಸುಬಾ! ತಮ್ಮಂದಿರ ಹೆಂಡಂದಿರು ಚಪ್ಪಾಳೆ ಹೊಡೆದರು, ಮೊನ್ನೆ ಉಳಿದಿದ್ದ ಗುಲಾಲು ಬೆಕ್ಕಿನ ಮೈಮೇಲೂ ಬಿತ್ತು. ಒಂದು ಗೋಡೆಯ ಬದಲು ಎರಡು ಗೋಡೆ ಕಟ್ಟುವ ಕೆಲಸ ಸಿಕ್ಕ ಗೌಂಡಿಯ ಹಿಗ್ಗಂತೂ ಕೇಳಬೇಡಿ. ಪ್ರತ್ಯೇಕ ರಾಜ್ಯದ ಮೊದಲ ಫಲಾನುಭವಿ ಅವನೇ!

ಗದ್ದಲ ತಣ್ಣಗಾದ ಮೇಲೆ ಅತ್ತೆ ಗೌಂಡಿಯನ್ನು ಕರೆದಳು. "ಅಳತಿ ಸರಿಯಾಗಿ ತಗೋಳಪ್ಪ. ಎರಡು ಮಂಚ ಹಿಡೀಬೇಕು."

"ಎರಡ್ಯಾಕ್ರೀ ಅಕ್ಕಾರ? ನೀವು ಒಬ್ಬರ ಅಲ್ಲೇನು?" ಎಂದರು ಪೇಷ್ಕಾರ ಸಾಹೇಬರು.

"ನೀವೆಲ್ಲಾ ಕೂತು ಹಂಡೆ ಹಂಚಿದ್ರಿ, ಬಾವಿ ಹಂಚಿದ್ರಿ, ನನ್ನೂ ಹಂಚಿದ್ರಿ," ಅವಳ ದನಿ ಈಗ ಏರಿರಲಿಲ್ಲ. "ಈಕಿ ಹೆಸರು ಒಬ್ರರ ಎತ್ತಿದ್ರೇನು? ಈಕಿ ಎಲ್ಲಿಗೆ ಹೋಗಬೇಕು?"

ಈಕಿ ಎಂದರೆ ನಾನು.

ಮದುವೆಯಾಗದೆ ಉಳಿದು, ಹೈದರಾಬಾದಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ರಿಟೈರಾಗಿ, "ನಾಲ್ಕು ದಿನ ಇದ್ದು ಹೋಗೋಣ" ಎಂದು ತವರಿಗೆ ಬಂದವಳು ನಾನು. ಆ ನಾಲ್ಕು ದಿನ ಎಂಟು ವರ್ಷವಾಗಿತ್ತು. ರಾತ್ರಿ ಎಲ್ಲಿ ಜಾಗವಿದ್ದರೆ ಅಲ್ಲಿ ಹಾಸಿಗೆ ಬಿಚ್ಚುತ್ತಿದ್ದೆ. ಗೋಡೆ ಎದ್ದ ಮೇಲೆ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಕಾನ್ವೆಂಟಿನಲ್ಲಿ ಕಲಿಸಿದ ಮೊದಲ ಪಾಠವೇ ಕೇಳಿ ತೆಗೆದುಕೊಳ್ಳಬಾರದು ಎಂಬುದಲ್ಲವೇ? ಕೃಷ್ಣೆಯ ಮಾತು, ಕುರಿಯ ಮಾತು, ಇಷ್ಟೆಲ್ಲ ರಂಪ ಅವಳ ಒಂದೇ ಮಂಚಕ್ಕೆಂದು ನಾನು ತಿಳಿದಿದ್ದೆ. ಅವಳಿಗೆ ಯಾವ ತಮ್ಮನ ಮನೆಯಲ್ಲಾದರೂ ಒಂದು ಮೂಲೆ ಇದ್ದೇ ಇತ್ತು.

ತಮ್ಮಂದಿರು ತಲೆ ತಗ್ಗಿಸಿದರು. ಗೌಂಡಿ ದಾರವನ್ನು ಇನ್ನೊಂದು ಮೊಳ ಆಚೆ ಸರಿಸಿದ.

ನಾನು ಕನ್ನಡಕ ಒರೆಸುವ ನೆಪದಲ್ಲಿ ಮಂಚದ ಹಿಂದಕ್ಕೆ ಹೋಗಿ ನಿಂತೆ. ಅತ್ತೆ ತಿರುಗಿ ನೋಡಿದಳು.

"ಏ, ಅಳಬ್ಯಾಡ. ಸರ್ಕಾರ ಬಂದ ಮೊದಲನೇ ದಿನಾನ ಪ್ರಜಾ ಅತ್ರ, ನೋಡಿದವರು ಏನಂತಾರ?" ಎಂದು ತನ್ನ ಸೆರಗಿನ ತುದಿಯನ್ನು ನನ್ನತ್ತ ಚಾಚಿದಳು.